ಜೊತೆಗಾರನಿಲ್ಲದ ಮಧ್ಯಾಹ್ನ

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಧರ್ಮಪ್ರಚಾರಕ್ಕೆಂದು ಎರಡು ವರ್ಷ ಮನೆ ಬಿಟ್ಟು ಹೋಗಿದ್ದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ಆದರೆ ನಿಜ ಅದೇ. ನಮ್ಮ ಸಭೆಯಲ್ಲಿ ತಿಂಗಳಿಗೊಂದು ಉಪವಾಸದ ಭಾನುವಾರ ಇರುತ್ತದೆ. ಅಂದು ಯಾರು ಬೇಕಾದರೂ ಎದ್ದು ನಿಂತು ತಮಗಾದ ಅನುಭವವನ್ನು ಸಾಕ್ಷಿಯಾಗಿ ಹೇಳಬಹುದು. ಒಬ್ಬರಿಗೆ ಈ ಬಸ್ಸು ಹತ್ತಬೇಡವೆಂದು ಒಳಗಿನಿಂದ ದನಿ ಕೇಳಿಸಿತಂತೆ. ಇನ್ನೊಬ್ಬರ ಕಳೆದುಹೋದ ಬೀಗದಕೈ, ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟಾಗ ಎದುರಿಗೇ ಬಿದ್ದಿತ್ತಂತೆ. ನಾನು ತಲೆ ತಗ್ಗಿಸಿ ಆಮೆನ್ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಳ್ಳುತ್ತಿದ್ದೆ. ದೇವರಿದ್ದಾನೆ ಎಂದು ನಂಬಿದ್ದೆ. ಅವನು ಬೀಗದಕೈ ಹುಡುಕಿಕೊಡುತ್ತಾನೆ ಎಂದು ನಂಬಿರಲಿಲ್ಲ.

ನಮ್ಮದು ಹುಬ್ಬಳ್ಳಿಯ ಕ್ರೈಸ್ತ ಮನೆತನ. ಅಪ್ಪ ರೈಲ್ವೆಯಲ್ಲಿದ್ದರು. ನಾನು ಓದಲು ಬೆಂಗಳೂರಿಗೆ ಹೋದವನು, ಗೆಳೆಯನೊಬ್ಬನ ಹಿಂದೆ ಹೋಗಿ, ಜನ ಮಾರ್ಮನ್ನರು ಎಂದು ಕರೆಯುವ, ಅಮೆರಿಕ ಮೂಲದ ಸಭೆಗೆ ಸೇರಿಕೊಂಡೆ. ಆ ಸಭೆಯ ಹುಡುಗರು ಓದು, ಕೆಲಸ ಎಲ್ಲ ಬದಿಗಿಟ್ಟು ಎರಡು ವರ್ಷ ಮಿಷನ್ ಸೇವೆಗೆ ಹೋಗಬೇಕು. ಎಲ್ಲಿಗೆ ಎಂಬುದನ್ನು ಹಿರಿಯರು ಹೇಳುತ್ತಾರೆ. ನನಗೆ ಬಂದದ್ದು ಕೊಲ್ಕತ್ತಾ. ಎಡಪಕ್ಷದ ಸರ್ಕಾರ ಗಟ್ಟಿಯಾಗಿ ಕೂತಿದ್ದ ಕಾಲ ಅದು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ ಹಾಕಿಕೊಂಡು ನಮ್ಮ ಗಲ್ಲಿಯಲ್ಲಿ ಹೊರಟರೆ, ಚಹಾ ಅಂಗಡಿಯ ಬೆಂಚಿನಲ್ಲಿ ಕೂತ ಪಾರ್ಟಿಯ ಹಿರಿಯರೊಬ್ಬರು "ಓಯ್, ಆಮೆರಿಕಾರ್ ದಾಲಾಲ್" ಎಂದು ಕೂಗಿ ಕರೆಯುತ್ತಿದ್ದರು. ಅಮೆರಿಕದ ದಲ್ಲಾಳಿ ಎಂದರ್ಥ. ಸಿಟ್ಟಿನಿಂದ ಅಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ದೇವರಿಲ್ಲ ಎಂದು ನಮಗೆ ಗಂಟೆಗಟ್ಟಲೆ ತಿಳಿಹೇಳುತ್ತಿದ್ದರು. ಅವರೂ ಭಾನುವಾರ ಬೆಳಿಗ್ಗೆ ಪಾರ್ಟಿಯ ಪತ್ರಿಕೆ ಹಿಡಿದು ಮನೆಮನೆ ಸುತ್ತುವವರೇ. ನಿಜ ಹೇಳಬೇಕೆಂದರೆ ಆ ಊರಿನಲ್ಲಿ ನಮ್ಮ ಜೊತೆ ದೇವರ ಬಗ್ಗೆ ಮನಸ್ಸಿಟ್ಟು ಮಾತಾಡಿದವರು ಅವರೊಬ್ಬರೇ.

ಮಿಷನ್ ಸೇವೆಯ ಮುಖ್ಯವಾದ ನಿಯಮವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಎಂದೂ ಒಬ್ಬೊಬ್ಬರೇ ಇರುವಂತಿಲ್ಲ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನನ್ನು ಕೊಡುತ್ತಾರೆ. ಅವನ ಕಣ್ಣಳತೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಸದಾ ಇರಬೇಕು. ಊಟ, ನಿದ್ದೆ, ಬಟ್ಟೆ ಒಗೆಯುವುದು ಎಲ್ಲವೂ ಜೊತೆಯಲ್ಲೇ. ಬಚ್ಚಲಿಗೆ ಹೋದಾಗ ಸಿಗುವಷ್ಟೇ ಏಕಾಂತ. ಮೊದಮೊದಲು ಇದು ಜೈಲಿನಂತೆ ಅನ್ನಿಸುತ್ತದೆ. ಆಮೇಲೆ ಎಷ್ಟು ಒಗ್ಗಿಹೋಗುತ್ತದೆಂದರೆ, ಕನಸಿನಲ್ಲಿಯೂ ಪಕ್ಕದಲ್ಲಿ ಒಬ್ಬ ಇರುತ್ತಾನೆ.

ನನ್ನ ಜೊತೆಗಾರ ರತ್ನಂ ಆಂಧ್ರದವನು. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು, ತಲೆತುಂಬ ಗುಂಗುರು ಕೂದಲು, ಒಳ್ಳೆಯ ಕಂಠ. ಬಂದ ಹೊಸದರಲ್ಲಿ ಇಬ್ಬರಿಗೂ ಭಾರಿ ಹುರುಪು. ಯಾರಾದರೂ ಒಂದು ಲೋಟ ನೀರು ಕೊಟ್ಟು ಕೂರಿಸಿದರೂ ಆ ದಿನವೆಲ್ಲ ಹಬ್ಬ. ಆದರೆ ತಿಂಗಳುಗಳು ಕಳೆದವು, ಒಬ್ಬರೂ ಸಭೆಗೆ ಸೇರಲಿಲ್ಲ. ಕೊನೆಗೆ ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ದೀಕ್ಷಾಸ್ನಾನಕ್ಕೆ ಒಪ್ಪಿದ. ಅಂದು ನಲ್ಲಿಯಲ್ಲಿ ನೀರು ಬರಲಿಲ್ಲ. ಬೆಳಗಿನಿಂದ ಬಕೆಟ್ಟಿನಲ್ಲಿ ಹೊತ್ತು ತಂದು ತೊಟ್ಟಿ ತುಂಬಿಸಿದೆವು. ಬಿಳಿ ಬಟ್ಟೆ ಉಟ್ಟು ಸಂಜೆಯವರೆಗೆ ಕಾದೆವು. ಅವನು ಬರಲಿಲ್ಲ. ಮತ್ತೆಂದೂ ಸಿಗಲಿಲ್ಲ. ತೊಟ್ಟಿಯ ನೀರನ್ನು ಹೊರಗೆ ಬಿಡುವಾಗ ರತ್ನಂ ಹಾಡುವುದನ್ನು ನಿಲ್ಲಿಸಿದ ಎಂದೇ ನನ್ನ ನೆನಪು. ಊಟ ಬಿಟ್ಟ. ಬೆಳಿಗ್ಗೆ ಬೂಟಿನ ದಾರ ಕಟ್ಟಲು ಕೂತವನು ದಾರ ಹಿಡಿದುಕೊಂಡೇ ಕೂತುಬಿಡುತ್ತಿದ್ದ. ನಾನು ಅವನಿಗಾಗಿ ಪ್ರಾರ್ಥಿಸಿದೆ. ಆಮೇಲೆ ನನಗಾಗಿ ಪ್ರಾರ್ಥಿಸಿದೆ. ನಾವಿಲ್ಲಿರುವುದು ನಿನಗೆ ಗೊತ್ತಿದೆ ಎಂಬುದಕ್ಕೆ ಒಂದು ಸಣ್ಣ ಗುರುತು ಕೊಡು, ಸಾಕು, ಎಂದು ದಿನವೂ ಮೊಣಕಾಲೂರಿ ಬೇಡಿದೆ. ಮಾವಿನಕಾಯಿ ಮಾರುವವನ ಕೂಗು ಬಿಟ್ಟರೆ ಏನೂ ಕೇಳಿಸಲಿಲ್ಲ.

ಆ ದಿನಗಳಲ್ಲಿ ನಮಗಿದ್ದ ಒಂದೇ ಸುಖವೆಂದರೆ ಸುಧಾಕರಣ್ಣನ ಮನೆ. ಉಡುಪಿ ಕಡೆಯವರು. ಲೇಕ್ ಮಾರ್ಕೆಟ್ಟಿನ ಹತ್ತಿರ ಅವರದೊಂದು ಸಣ್ಣ ಹೋಟೆಲು, ಮದುವೆ ಮುಂಜಿಗೆ ಅಡುಗೆ ಮಾಡಿಸಿಕೊಡುವ ಕೆಲಸವೂ ಇತ್ತು. ನಾನು ಕನ್ನಡದವನೆಂದು ತಿಳಿದಾಗ ತಾವಾಗಿಯೇ, "ಮನೆಗೊಮ್ಮೆ ಬನ್ನಿ. ಅಮ್ಮನಿಗೆ ಕನ್ನಡ ಮಾತಾಡಲಿಕ್ಕೆ ಜನ ಇಲ್ಲ. ಆದರೆ ಧರ್ಮದ ವಿಷಯ ಎತ್ತುವುದು ಬೇಡ, ಆಯ್ತಾ?" ಎಂದರು. ನಾನು ಮಾತು ಕೊಟ್ಟೆ. ಸದರ್ನ್ ಅವೆನ್ಯೂ ಹಿಂದಿನ ರಸ್ತೆಯಲ್ಲಿ, ಮೂರನೆಯ ಮಹಡಿಯಲ್ಲಿ ಅವರ ಮನೆ. ಅವರ ತಾಯಿ ಪದ್ಮಾವತಮ್ಮ ಮೊದಲ ದಿನ ಮಾಡಿದ್ದೇ ಕಾಫಿ.

"ಇಲ್ರೀ ಅಮ್ಮಾರ, ನಾವು ಚಹಾ, ಕಾಫಿ ಏನೂ ಕುಡಿಯಂಗಿಲ್ರಿ," ಎಂದೆ ನಾನು. ನಮ್ಮ ಸಭೆಯಲ್ಲಿ ಅವೆರಡೂ ನಿಷಿದ್ಧ.

"ಎಂತ ಮಾರಾಯ ಇದು! ಹೋಟೆಲಿನವರ ಮನೆಗೆ ಬಂದು ಕಾಫಿ ಬೇಡ ಹೇಳುದಾ? ನಾನೇನು ವಿಷ ಹಾಕಿ ಕೊಡ್ತೇನಾ?" ಎಂದು ರೇಗಿದರು. ಆಮೇಲೆ ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿ, ಹಾಲು ಬೆಲ್ಲ ಹಾಕಿ ಕಷಾಯ ಮಾಡಿಕೊಟ್ಟರು. ಅಂದಿನಿಂದ ನಾವು ಹೋದಾಗಲೆಲ್ಲ ಎರಡು ಲೋಟ ಕಷಾಯ ತಪ್ಪದೆ ಬರುತ್ತಿತ್ತು. "ಬಂದವು ನೋಡು ಜೋಡಿ ಕೊಕ್ಕರೆ" ಎಂದು ನಮ್ಮ ಬಿಳಿ ಅಂಗಿ ನೋಡಿ ನಗುತ್ತಿದ್ದರು. ನನ್ನ ಹುಬ್ಬಳ್ಳಿ ಮಾತನ್ನು ಅಣಕಿಸುತ್ತಿದ್ದರು. ರತ್ನಂಗೆ ಕನ್ನಡ ಬಾರದಿದ್ದರೂ ಅವನ ತಟ್ಟೆಗೇ ಮೊದಲು ಬಡಿಸುತ್ತಿದ್ದರು.

ಅಂಥವರು ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಅದೇ ವಾರ ರತ್ನಂ, ತನ್ನಿಂದ ಇನ್ನು ಆಗದು, ಊರಿಗೆ ಹೋಗುತ್ತೇನೆ ಎಂದ. ಹಿರಿಯರು ಫೋನಿನಲ್ಲಿ ಸಮಾಧಾನ ಹೇಳಿ ನೋಡಿ, ಕೊನೆಗೆ ಒಪ್ಪಿದರು. ಹೊಸ ಜೊತೆಗಾರ ಬೆಂಗಳೂರಿನಿಂದ ಹೊರಟಿದ್ದಾನೆ, ಅವನು ಬರುವವರೆಗೆ ನಾನು ನಮ್ಮ ಸಣ್ಣ ಸಭೆಯ ಮುಖ್ಯಸ್ಥ ಬಿಸ್ವಾಸ್‌ದಾ ಅವರ ಜೊತೆಯಲ್ಲೇ ಇರಬೇಕು ಎಂದು ತೀರ್ಮಾನವಾಯಿತು.

ಅಂದು ಬೆಳಿಗ್ಗೆ ಬಿಸ್ವಾಸ್‌ದಾ ಮತ್ತು ನಾನು ರತ್ನಂನನ್ನು ಹೌರಾದಲ್ಲಿ ರೈಲು ಹತ್ತಿಸಿದೆವು. ಅವನು ಎದೆಯ ಮೇಲಿನ ಬಿಲ್ಲೆಯನ್ನು ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ರೈಲು ಹೊರಟಾಗ ನಮ್ಮ ಕಡೆ ನೋಡಲಿಲ್ಲ. ಅಲ್ಲಿಂದ ಬಿಸ್ವಾಸ್‌ದಾ ನನ್ನನ್ನು ಬಿಬಿಡಿ ಬಾಗ್‌ನಲ್ಲಿದ್ದ ತಮ್ಮ ಕಚೇರಿಗೆ ಕರೆದುಕೊಂಡು ಹೋಗಿ, ತಮ್ಮ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಸಂಜೆ ಒಟ್ಟಿಗೇ ಮನೆಗೆ ಹೋಗೋಣ ಎಂದರು. ನನಗೆ ಪಕ್ಕ ಖಾಲಿ ಖಾಲಿ ಅನ್ನಿಸುತ್ತಿತ್ತು. ರತ್ನಂ ಹೋದದ್ದು ದುಃಖವಲ್ಲ, ಅವನು ಮಾಡಿದ್ದೇ ಸರಿ ಅನ್ನಿಸತೊಡಗಿದ್ದು ದುಃಖ.

ಊಟದ ಹೊತ್ತಿಗೆ ಅಲ್ಲಿಗೆ ಸುಧಾಕರಣ್ಣನ ಫೋನು ಬಂತು. ನಮ್ಮ ಕೋಣೆಯಲ್ಲಿ ಫೋನಿಲ್ಲದ್ದರಿಂದ ಅವರಿಗೆ ಈ ನಂಬರನ್ನೇ ಕೊಟ್ಟಿದ್ದೆವು. "ಅಮ್ಮ ನಿಮ್ಮನ್ನು ಕೇಳ್ತಾ ಇದ್ದಾರೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀರಂತಲ್ಲ, ಅಮ್ಮನೇ ಒಮ್ಮೆ ಕೇಳಿ ತಿಳ್ಕೊಂಡದ್ದಂತೆ, ಅದು ಬೇಕಂತೆ. ನನಗೆ ಇದೆಲ್ಲ ಇಷ್ಟ ಇಲ್ಲ. ಆದರೆ ಅಮ್ಮ ಬಿಡ್ತಾ ಇಲ್ಲ. ಬರುದಾದರೆ ಈಗಲೇ ಬನ್ನಿ," ಎಂದರು. ಅವರ ದನಿ ಒಡೆದಿತ್ತು.

ಬಿಸ್ವಾಸ್‌ದಾ ಮೇಜು ಬಿಟ್ಟು ಏಳುವಂತಿರಲಿಲ್ಲ. ಒಬ್ಬನೇ ಹೋಗಬೇಡ, ಸಂಜೆ ನಾನೂ ಬರುತ್ತೇನೆ ಎಂದರು. ಸಂಜೆಯವರೆಗೆ ಆಕೆ ಇರದಿದ್ದರೆ? ನಾನು ಹೊರಟುಬಿಟ್ಟೆ. ಜೊತೆಗಾರನಿಲ್ಲದೆ ಬೀದಿಗೆ ಇಳಿದದ್ದು ಅದೇ ಮೊದಲು.

ಮಿನಿಬಸ್ಸಿನಲ್ಲಿ ಕಂಡಕ್ಟರ್ ಬಂದು "ದುಜೊನ್ ತೊ?" ಎಂದ. ಇಬ್ಬರು ತಾನೇ, ಎಂದು. ನಾನು ಒಂದು ಬೆರಳು ತೋರಿಸಿದೆ. ಅವನು ನನ್ನ ಪಕ್ಕಕ್ಕೆ ಒಮ್ಮೆ ನೋಡಿ, ಭುಜ ಹಾರಿಸಿ, ಒಂದೇ ಟಿಕೆಟ್ ಹರಿದು ಕೊಟ್ಟ. ಪಕ್ಕದ ಸೀಟು ಖಾಲಿಯಿತ್ತು. ಬಸ್ಸಿನಲ್ಲಿ ಅಷ್ಟು ಜನ ನಿಂತಿದ್ದರೂ ಅಲ್ಲಿ ಯಾಕೆ ಯಾರೂ ಕೂರಲಿಲ್ಲ ಎಂಬ ಯೋಚನೆ ನನಗೆ ಆಗ ಬರಲಿಲ್ಲ. ಕೆಂಪು ಬಾವುಟಗಳ ಮೆರವಣಿಗೆಯೊಂದು ದಾರಿ ಕಟ್ಟಿತ್ತು. ಬಸ್ಸು ನಿಂತಲ್ಲೇ ನಿಂತಿತು. ಆಕೆ ಬದುಕಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಆಕೆಯೊಬ್ಬರು ಎದ್ದು ಕೂತರೆ ನಾನಿಲ್ಲಿಗೆ ಬಂದದ್ದಕ್ಕೆ ಅರ್ಥವಿದೆ, ಇಲ್ಲದಿದ್ದರೆ ನಾಳೆಯೇ ನಾನೂ ಹೌರಾ ದಾರಿ ಹಿಡಿಯುವುದು ಎಂದು ಕೂತಲ್ಲೇ ದೇವರಿಗೆ ಷರತ್ತು ಹಾಕಿದೆ.

ಬಾಗಿಲು ತೆಗೆದದ್ದು ಸುಧಾಕರಣ್ಣನ ಹೆಂಡತಿ ವಿನಯಾ. "ಬನ್ನಿ, ಬನ್ನಿ" ಎಂದು ದಾರಿ ಬಿಟ್ಟರು. ನಾನು ಒಳಗೆ ಹೋದ ಮೇಲೂ ಕದವನ್ನು ಸ್ವಲ್ಪ ಹೊತ್ತು ಹಿಡಿದೇ ನಿಂತು, ಆಮೇಲೆ ಹಾಕಿದರು. ಎರಡು ಲೋಟ ಕಷಾಯ ತಂದಿಟ್ಟರು. ರೂಢಿಯ ಮೇಲೆ ತಂದಿದ್ದಾರೆ ಎಂದುಕೊಂಡೆ. ಒಂದನ್ನು ಕುಡಿದೆ. ಇನ್ನೊಂದು ಅಲ್ಲೇ ಕೆನೆಗಟ್ಟುತ್ತಾ ಕೂತಿತ್ತು.

ಪದ್ಮಾವತಮ್ಮ ಗುರುತು ಸಿಗದಷ್ಟು ಇಳಿದುಹೋಗಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು. "ಬಂದ್ಯಾ? ಕನ್ನಡದಲ್ಲೇ ಮಾಡಬೇಕು ಮತ್ತೆ. ಯಾವ ದೇವರಾದರೂ ಅಡ್ಡಿಲ್ಲ," ಎಂದರು.

ರೋಗಿಗೆ ಆಶೀರ್ವಾದ ಮಾಡುವುದು ನಮ್ಮಲ್ಲಿ ಸಾಮಾನ್ಯವಾಗಿ ಇಬ್ಬರ ಕೆಲಸ. ಒಬ್ಬ ನೆತ್ತಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಚುಟುಕಾಗಿ ಪ್ರಾರ್ಥಿಸುತ್ತಾನೆ. ಆಮೇಲೆ ಇಬ್ಬರೂ ತಲೆಯ ಮೇಲೆ ಕೈಯಿಡುತ್ತಾರೆ, ಇನ್ನೊಬ್ಬ ಮಾತಾಡುತ್ತಾನೆ. ಅದಕ್ಕೆ ಬಾಯಿಪಾಠವಿಲ್ಲ, ಬಾಯಿಗೆ ಬಂದದ್ದೇ ಮಾತು. ಅನಿವಾರ್ಯವಾದರೆ ಒಬ್ಬನೇ ಎರಡನ್ನೂ ಮಾಡಬಹುದು, ಆದರೆ ನಾನು ಮಾಡಿರಲಿಲ್ಲ. "ನಾ ಒಬ್ಬನಽ ಬಂದೀನ್ರಿ ಅಮ್ಮಾರ. ಹೆಂಗಾಗ್ತದೋ ಗೊತ್ತಿಲ್ಲ," ಎಂದೆ. ಆಕೆ ಕಣ್ಣು ಮುಚ್ಚಿಕೊಂಡು, "ಇದ್ದೀರಲ್ಲ ಇಬ್ಬರೂ. ಮಾಡಿ," ಎಂದರು. ನೋವಿನ ಮಾತ್ರೆಯ ಮಂಪರಿರಬೇಕು ಎಂದುಕೊಂಡೆ.

ಎಣ್ಣೆ ಹಚ್ಚಿದೆ. ಕೈಯಿಟ್ಟೆ. ಅಷ್ಟರಲ್ಲಿ ಸುಧಾಕರಣ್ಣ ಬಂದು ಮಂಚದ ಕಾಲ ಬಳಿ ಕೈಕಟ್ಟಿ ನಿಂತರು. ನೀವು ಗುಣವಾಗುತ್ತೀರಿ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ, ಆಗಲೂ ಬರಲಿಲ್ಲ. ಆಮೇಲೆ ನನ್ನದೇ ದನಿ, ನನ್ನ ಹುಬ್ಬಳ್ಳಿ ಮಾತಲ್ಲದ ಪುಸ್ತಕದ ಕನ್ನಡದಲ್ಲಿ, "ನೀವು ಒಬ್ಬರೇ ಹೋಗುವುದಿಲ್ಲ" ಎಂದಿತು. ಅಷ್ಟೇ. ಅದರ ಹಿಂದೆ ಮುಂದೆ ಒಂದು ಅಕ್ಷರವೂ ಹೊರಡಲಿಲ್ಲ. ನಾನು ಕಂಗಾಲಾಗಿ ಆಮೆನ್ ಎಂದು ಕೈ ತೆಗೆದೆ. ಸಾಯುವವರ ತಲೆಯ ಮೇಲೆ ಕೈಯಿಟ್ಟು ಸಾಯುತ್ತೀರಿ ಎಂದು ಹೇಳಿದಂತಾಗಿತ್ತು.

ಆಕೆ ಕಣ್ಣು ಬಿಟ್ಟು ನಕ್ಕರು. "ನಾಲ್ಕು ಕೈ. ಎಷ್ಟು ಭಾರ ಮಾರಾಯ," ಎಂದರು.

ಬಾಗಿಲಲ್ಲಿ ನಿಂತಿದ್ದ ವಿನಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಸುಧಾಕರಣ್ಣ ನನ್ನ ರಟ್ಟೆ ಹಿಡಿದು ಹೊರಬಾಗಿಲವರೆಗೆ ಎಳೆದು ತಂದರು. ಆ ಸೌಮ್ಯ ಮನುಷ್ಯ ಸಿಟ್ಟಿನಿಂದ ದನಿ ಎತ್ತಿದರು. "ಇದನ್ನು ಹೇಳಲಿಕ್ಕೆ ಬಂದದ್ದಾ ನೀವಿಬ್ಬರು? ಎರಡು ಒಳ್ಳೆ ಮಾತು ಆಡಲಿಕ್ಕೆ ಆಗಲಿಲ್ವಾ? ಆ ಮನುಷ್ಯನಂತೂ ಬಾಯಿಯೇ ಬಿಡಲಿಲ್ಲ. ನಿಮ್ಮ ಜೊತೆಗಾರನಿಗೂ ಹೇಳಿ, ಇನ್ನು ಈ ಕಡೆ ಬರುವುದು ಬೇಡ."

"ಅಣ್ಣಾರ, ನನ್ನ ಜೊತೆಗಾರ ಮುಂಜಾನೆನಽ ಊರಿಗೆ ಹೋದ್ನಲ್ರಿ," ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೆಟ್ಟಿಲ ಕಡೆ ನೋಡಿದರು. "ಹಾಗಾದರೆ ಈಗ ಇಳಿದು ಹೋದದ್ದು ಯಾರು?"

ನಾನು ಓಡಿದೆ. ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಕೆಳಗೆ ಕಾವಲಿನವನು ಸ್ಟೂಲಿನ ಮೇಲೆ ಕೂತು ಖೈನಿ ತಿಕ್ಕುತ್ತಿದ್ದ. ಬೀದಿಯಲ್ಲಿ ಸುಡುಬಿಸಿಲು. ಮರದ ನೆರಳಿನಲ್ಲಿ ಕೈಗಾಡಿಯವನೊಬ್ಬ ಮಲಗಿದ್ದ. ಬೇರೆ ಯಾರೂ ಇರಲಿಲ್ಲ. ಯಾರಾದರೂ ಹೊರಗೆ ಹೋದರೇ ಎಂದು ಕೇಳಿದ್ದಕ್ಕೆ ಕಾವಲಿನವನು, ಆಪ್ ಹೀ ತೊ ಆಯೇ, ಎಂದ. ನೀವೇ ತಾನೇ ಬಂದದ್ದು ಎಂದು. ಅವನು ಒಬ್ಬನನ್ನು ಕಂಡು ಹಾಗೆಂದನೋ, ಇಬ್ಬರನ್ನು ಕಂಡು ಹಾಗೆಂದನೋ, ಕೇಳುವ ಧೈರ್ಯವಾಗಲಿಲ್ಲ.

ಆ ವಾರ ಮುಗಿಯುವ ಮೊದಲೇ ಪದ್ಮಾವತಮ್ಮ ತೀರಿಕೊಂಡರು. ಬೇಡ ಎಂದಿದ್ದರೂ ನಾನು ಹೊಸ ಜೊತೆಗಾರನನ್ನು ಕರೆದುಕೊಂಡು ಹೋದೆ. ಸುಧಾಕರಣ್ಣನ ಸಿಟ್ಟು ಇಳಿದಿತ್ತು. ನನ್ನ ಜೊತೆಗಿದ್ದವನನ್ನು ನೋಡಿ, "ಇವರಲ್ಲ," ಎಂದರು. ಅವರು ನೋಡಿದವನು ನನಗಿಂತ ಗಿಡ್ಡ. ಮುಂದಲೆ ಬೋಳು, ವಯಸ್ಸಾದವನು, ಬಿಳಿ ಅಂಗಿ. ಮೊದಲಿನ ಎತ್ತರದ ಹುಡುಗನ ಬದಲಿಗೆ ಬಂದವರಿರಬೇಕು ಎಂದುಕೊಂಡರಂತೆ. ನಮ್ಮಲ್ಲಿ ಅಂಥವರು ಯಾರೂ ಇರಲಿಲ್ಲ. ವಿನಯಾರನ್ನು ಕೇಳಿದೆ. ಮುಖ ನೋಡಲಿಲ್ಲ, ಇಬ್ಬರು ಒಳಗೆ ಬಂದದ್ದು ನೋಡಿ ಎರಡು ಲೋಟ ಇಟ್ಟೆ ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: "ಅತ್ತೆ ಮರುದಿನದಿಂದ ಒಂದೇ ಸಮನೆ ಹೇಳ್ತಾ ಇದ್ದರು. ಅವ ಮತ್ತೆ ಬಂದು ನಿಂತೇ ಇದ್ದಾನೆ, ಒಂದು ಕುರ್ಚಿ ಹಾಕೇ ಅಂತ. ನಾನು ಹಾಕಿದೆ. ಆಮೇಲೆ ಅವರಿಗೆ ಹೆದರಿಕೆ ಅಂತ ಆಗಲಿಲ್ಲ."

ಬಿಸ್ವಾಸ್‌ದಾ ಇದನ್ನೆಲ್ಲ ಕೇಳಿ ಕಣ್ಣೀರು ಹಾಕಿದರು. ದೇವದೂತನೇ ಬಂದಿದ್ದಾನೆ, ಬರುವ ಉಪವಾಸದ ಭಾನುವಾರ ಎದ್ದು ನಿಂತು ಹೇಳು, ಎಲ್ಲರ ವಿಶ್ವಾಸ ಗಟ್ಟಿಯಾಗುತ್ತದೆ ಎಂದರು. ಆ ಭಾನುವಾರ ನಾನು ಎದ್ದು ನಿಲ್ಲಲಿಲ್ಲ. ಏನೆಂದು ಸಾಕ್ಷಿ ಹೇಳಲಿ? ಕಂಡವರು ಅವರು, ನಾನಲ್ಲ. ನನಗೆ ಒಂದು ತಣ್ಣನೆಯ ಗಾಳಿ ಸೋಕಲಿಲ್ಲ, ಮೈ ಜುಂ ಅನ್ನಲಿಲ್ಲ. ಆಕೆಯ ತಲೆಯ ಮೇಲಿದ್ದ ನನ್ನ ಕೈಗಳಿಗೆ ಬೇರೆ ಕೈಗಳು ತಾಕಲಿಲ್ಲ.

ಹೌರಾ ದಾರಿ ಹಿಡಿಯುತ್ತೇನೆ ಎಂದು ಷರತ್ತು ಹಾಕಿದವನು ಅದನ್ನೂ ಮಾಡಲಿಲ್ಲ. ಉಳಿದ ತಿಂಗಳುಗಳನ್ನು ಕಲ್ಲಿನಂತೆ ಮುಗಿಸಿದೆ. ಊರಿನಲ್ಲಿ ಹಾರ ಹಾಕಿ ಬರಮಾಡಿಕೊಂಡರು. ಕ್ರಮೇಣ ಸಭೆಗೆ ಹೋಗುವುದು ತಪ್ಪಿತು, ಪ್ರಾರ್ಥನೆಯೂ ಬಿಟ್ಟುಹೋಯಿತು. ವರ್ಷಗಳ ಮೇಲೆ ರತ್ನಂನ ನಂಬರು ಸಿಕ್ಕಿತು. ಆ ಮಧ್ಯಾಹ್ನ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಮೇಲಿನ ಬರ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನಂತೆ. ನಡೆದದ್ದನ್ನೆಲ್ಲ ಹೇಳಿದೆ. ಅವನು, ನನ್ನ ಜೊತೆ ಯಾರೂ ಬರಲಿಲ್ಲ ಬ್ರದರ್, ಎಂದ. ಆಮೇಲೆ ನಾವು ಮತ್ತೆ ಮಾತಾಡಿಲ್ಲ.

ಬುದ್ಧಿಗೆ ಸರಿಹೊಂದುವ ಉತ್ತರಗಳನ್ನು ನಾನೂ ಹುಡುಕಿದ್ದೇನೆ. ನಮ್ಮನ್ನು ಯಾವಾಗಲೂ ಜೋಡಿಯಾಗಿ ಕಂಡ ಕಣ್ಣುಗಳು ಅಂದೂ ಜೋಡಿಯನ್ನೇ ಕಂಡಿರಬಹುದು. ಹಾಗಿದ್ದರೆ ರತ್ನಂನನ್ನು ಕಾಣಬೇಕಿತ್ತು, ಆ ಗಿಡ್ಡ ಮನುಷ್ಯ ಎಲ್ಲಿಂದ ಬಂದ? ಗೊತ್ತಿಲ್ಲ. ಈಗ ಅದು ಯಾರು ಎಂಬ ಪ್ರಶ್ನೆಯೂ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಂಡಕ್ಟರ್ ಅವನನ್ನು ಬೇಡಿಕೊಂಡಿರಲಿಲ್ಲ. ಸುಧಾಕರಣ್ಣನಿಗೆ ಅವನು ಬೇಡವೇ ಆಗಿತ್ತು. ತಿಂಗಳುಗಟ್ಟಲೆ ಮೊಣಕಾಲೂರಿ ಬೇಡಿದವನು ನಾನು. ಬಂದದ್ದೇ ನಿಜವಾದರೆ, ನನ್ನ ಪಕ್ಕದ ಸೀಟಿನಲ್ಲೇ ಕೂತು, ನನ್ನ ಜೊತೆಯಲ್ಲೇ ಆ ಮೆಟ್ಟಿಲು ಹತ್ತಿ ಬಂದವನು, ನನಗೊಬ್ಬನಿಗೆ ಮಾತ್ರ ಮುಖ ತೋರಿಸದೆ ಯಾಕೆ ಇಳಿದು ಹೋದ?